ಪರರ ತಿಪ್ಪೆ

ಹೊಸದಾಗಿ ಬಾಡಿಗೆಯ ಮನೆಯೊಂದನ್ನು ಹೊಕ್ಕವರಿಗೆ, ತಮಗಿಂತ ಮೊದಲು ಅಲ್ಲಿ ಬಾಳಿದವರು ಗೋಡೆಯಲ್ಲಿ ಬಿಟ್ಟುಹೋದ ಮೊಳೆಗಳು, ಅಡುಗೆಮನೆಯ ಗೂಡಿನಲ್ಲಿ ಉಳಿದ ಅರಿಸಿನದ ಡಬ್ಬಿ, ಬಾಗಿಲಿನ ಹಿಂದೆ ಮಕ್ಕಳ ಎತ್ತರವನ್ನು ವರ್ಷವರ್ಷವೂ ಗುರುತಿಸಿದ ಸೀಸದಕಡ್ಡಿಯ ಗೆರೆಗಳು, ಇವೆಲ್ಲವೂ ಮೊದಮೊದಲು ಒಂದು ಬಗೆಯ ಕಿರಿಕಿರಿಯನ್ನು ಉಂಟುಮಾಡುವುದು ಸಹಜವೇ. ಏಕೆಂದರೆ ಮನೆ ನಮ್ಮದಾಯಿತೆಂದು ನಾವು ಎಷ್ಟೇ ಹೇಳಿಕೊಂಡರೂ ಈ ಅವಶೇಷಗಳು ಇನ್ನೂ ಕೆಲವು ದಿನ ಅದು ನಮ್ಮದಲ್ಲವೆಂದು ಸಾರುತ್ತಲೇ ಇರುತ್ತವೆ. ಸುಣ್ಣ ಬಳಿದರೆ ಗೆರೆಗಳು ಮಾಯವಾಗುತ್ತವೆ; ಮೊಳೆ ಕಿತ್ತು ತೂತು ಮುಚ್ಚಿದರೆ ಗೋಡೆ ಹೊಸದಾಗುತ್ತದೆ. ನೆಲದ ವಿಷಯ ಹಾಗಲ್ಲ. ನೆಲವನ್ನು ಇನ್ನೊಬ್ಬರಿಂದ ಪಡೆದವರು, ಅವರು ಬಿತ್ತಿದ್ದನ್ನೂ ಬಿತ್ತದೆ ಬಿಟ್ಟದ್ದನ್ನೂ, ಕಿತ್ತದ್ದನ್ನೂ ಕೀಳದೆ ಉಳಿಸಿದ್ದನ್ನೂ ಒಟ್ಟಿಗೇ ಪಡೆಯುತ್ತಾರೆ. ಮತ್ತು ಇವೆಲ್ಲವೂ ಒಂದೆಡೆ ಕೂಡಿಬಿದ್ದಿರುವುದು ತಿಪ್ಪೆಯಲ್ಲಿ.

ನನಗೆ ದೊರೆತ ನೆಲ ದೊಡ್ಡದೇನೂ ಅಲ್ಲ. ಇಂಗ್ಲೆಂಡಿನ ಊರೂರುಗಳಲ್ಲಿ, ಹಿತ್ತಿಲಿಲ್ಲದ ಮನೆಗಳವರು ಕಾಯಿಪಲ್ಯ ಬೆಳೆದುಕೊಳ್ಳಲೆಂದು ನಗರಸಭೆಗಳು ಗೇಣಿಗೆ ಕೊಡುವ ತುಂಡು ಭೂಮಿಗೆ ಅಲಾಟ್‌ಮೆಂಟ್ ಎಂದು ಹೆಸರು. ಕೇಳುವವರಿದ್ದಲ್ಲಿ ಅಂತಹ ನೆಲವನ್ನು ಒದಗಿಸುವುದು ಸ್ಥಳೀಯ ಆಡಳಿತದ ಕರ್ತವ್ಯವೆಂದು 1908ರ ಶಾಸನವೇ ವಿಧಿಸಿದೆ. ಈ ತುಂಡುಗಳನ್ನು ಇಂದಿಗೂ ರಾಡ್ ಎಂಬ ಹಳೆಯ ಅಳತೆಯಲ್ಲೇ ಎಣಿಸುವ ರೂಢಿಯುಂಟು. ಹತ್ತು ರಾಡ್ ಎಂದರೆ ಒಂದು ಪೂರ್ಣ ತುಂಡು, ಸುಮಾರು 250 ಚದರ ಮೀಟರು; ಎಕರೆಗೆ ನಲವತ್ತು ಗುಂಟೆಯೆಂಬ ನಮ್ಮ ಕಡೆಯ ಲೆಕ್ಕಕ್ಕೆ ತಂದರೆ ಸರಿಯಾಗಿ ಎರಡೂವರೆ ಗುಂಟೆ. ಹಾಸನ ಸೀಮೆಯ ಬೇಸಾಯಗಾರರ ಮನೆಯಲ್ಲಿ ಹುಟ್ಟಿ, ವಿದ್ಯೆಯ ನೆವದಿಂದ ನೇಗಿಲಿನಿಂದ ದೂರವಾಗಿ, ಉದ್ಯೋಗದ ನೆವದಿಂದ ಊರಿನಿಂದಲೂ ದೂರವಾಗಿ, ಬ್ರಿಸ್ಟಲ್ ನಗರದ ಮಹಡಿಮನೆಯೊಂದರಲ್ಲಿ ಕೊತ್ತಂಬರಿಯನ್ನು ಕುಂಡದಲ್ಲಿ ಬೆಳೆಯುತ್ತಿದ್ದ ನನಗೆ, ಕಾಯುವವರ ಪಟ್ಟಿಯಲ್ಲಿ ಹೆಸರು ಮೆಲ್ಲಮೆಲ್ಲನೆ ಮೇಲೇರಿ ಕಡೆಗೊಂದು ದಿನ ಆ ಎರಡೂವರೆ ಗುಂಟೆಯ ಕಾಗದ ಕೈಗೆ ಬಂದಾಗ ಆದ ಹರ್ಷವನ್ನು, ತಲೆಮಾರುಗಳಿಂದ ಭೂಮಿಯನ್ನು ಉಳ್ಳವರಿಗೆ ವಿವರಿಸುವುದು ಕಷ್ಟ.

ಗುಡ್ಡದ ಇಳಿಜಾರಿನಲ್ಲಿದ್ದ ಆ ತುಂಡಿನ ಮಣ್ಣು ಕೆಂಪು. ಮೊದಲ ದಿನ ಅದನ್ನು ಹಿಡಿಯಷ್ಟು ಎತ್ತಿಕೊಂಡು ಬೆರಳುಗಳ ನಡುವೆ ಪುಡಿಮಾಡಿದಾಗ, ಇಷ್ಟು ದೂರದ ದೇಶದಲ್ಲಿ ಈ ಬಣ್ಣ ನನಗಾಗಿ ಕಾದಿತ್ತೆಂದೇ ಅನ್ನಿಸಿತು. ಮೇಲ್ಭಾಗವನ್ನೆಲ್ಲ ಮುಳ್ಳಿನ ಬ್ಲ್ಯಾಕ್‌ಬೆರಿ ಪೊದೆ ಆಕ್ರಮಿಸಿತ್ತು. ಕೆಳತುದಿಯಲ್ಲಿ, ಹಾಥಾರ್ನ್ ಬೇಲಿಯ ನೆರಳಿನಲ್ಲಿ, ಒಂದರ ಪಕ್ಕಕ್ಕೊಂದು ಮೂರು ಗೊಬ್ಬರದ ತೊಟ್ಟಿಗಳು ನಿಂತಿದ್ದವು. ನಿಂತಿದ್ದವು ಎಂದೆನೇ ಹೊರತು, ಮೊದಲನೆಯದು ಪಕ್ಕದ ಬೇಲಿಗೆ ಪೂರಾ ಒರಗಿತ್ತು. ಸರಕು ಹೇರುವ ಪ್ಯಾಲೆಟ್ ಹಲಗೆಗಳನ್ನು ನಿಲ್ಲಿಸಿ ತಂತಿಯಿಂದ ಬಿಗಿದು ಮಾಡಿದ ಅದರ ಮುಂಭಾಗ ಜೀರ್ಣವಾಗಿ, ಒಳಗಿನ ರಾಶಿ ಹೊಟ್ಟೆ ಮುಂದೆ ಮಾಡಿಕೊಂಡು ಹೊರಬಂದಿತ್ತು. ಎರಡನೆಯದರ ಮೇಲೆ ಹಳೆಯ ಕಾರ್ಪೆಟ್ಟಿನ ತುಂಡೊಂದನ್ನು ಹೊದಿಸಿದ್ದರು. ಅದರ ನೆಯ್ಗೆಯ ಎಳೆಎಳೆಯೊಳಗೂ ಹುಲ್ಲಿನ ಬೇರು ಹೊಕ್ಕು, ಕಾರ್ಪೆಟ್ ಯಾವುದು ನೆಲ ಯಾವುದು ಎಂದು ಬೇರ್ಪಡಿಸುವುದು ದುಸ್ಸಾಧ್ಯವಾಗಿತ್ತು. ಮೂರನೆಯದು ಕಪ್ಪು ಪ್ಲಾಸ್ಟಿಕ್ಕಿನದು, ಮುಚ್ಚಳವುಳ್ಳದ್ದು, ಗಾಳಿಗೆ ಮುಚ್ಚಳ ಹಾರದಿರಲೆಂದು ಮೇಲೊಂದು ಇಟ್ಟಿಗೆ ಹೇರಿದ್ದು. ಈ ಮೂರನ್ನೂ ಬಿಳಿಯ ಹೂವಿನ ಬೈಂಡ್‌ವೀಡ್ ಬಳ್ಳಿ ಒಂದಾಗಿ ಸುತ್ತಿ ಕಟ್ಟಿತ್ತು. ನಮ್ಮ ವಿಷ್ಣುಕ್ರಾಂತಿಯ ಕುಲಕ್ಕೇ ಸೇರಿದ ಈ ಬಳ್ಳಿಯ ಬಿಳಿಯ ಬೇರು, ಗುದ್ದಲಿಯ ಏಟಿಗೆ ಹತ್ತು ತುಂಡಾದರೆ ಹತ್ತೂ ಚಿಗುರುವಂಥದು.

ಇಂತಹ ತೊಟ್ಟಿಗಳನ್ನು ಕಂಡ ಅನುಭವಿಗಳೆಲ್ಲರ ಸಲಹೆಯೂ ಒಂದೇ ಆಗಿತ್ತು: ಕಸ ಸಾಗಿಸುವ ದೊಡ್ಡ ಕಬ್ಬಿಣದ ತೊಟ್ಟಿಯೊಂದನ್ನು ಬಾಡಿಗೆಗೆ ತರಿಸು, ಹಲಗೆ ಕಾರ್ಪೆಟ್ ರಾಶಿ ಎಲ್ಲವನ್ನೂ ಅದಕ್ಕೆ ತುಂಬಿ ಕಳುಹಿಸು, ಹೊಸ ತೊಟ್ಟಿ ಕೊಂಡು ತಂದು ಮೊದಲಿನಿಂದ ಆರಂಭಿಸು. ಅವರ ಮಾತಿನಲ್ಲಿ ದುರುದ್ದೇಶವಿರಲಿಲ್ಲ. ಕಳೆಯ ಬೀಜ, ರೋಗದ ಬೇರು, ಇಲಿಯ ಬಿಲ, ಏನೇನಿದೆಯೋ ಬಲ್ಲವರಾರು ಎಂಬ ಅವರ ಶಂಕೆ ನ್ಯಾಯವಾದದ್ದೇ. ಆದರೂ ಆ ಮಾತು ನನಗೆ ಒಗ್ಗಲಿಲ್ಲ. ಒಬ್ಬರು ವರ್ಷಗಟ್ಟಲೆ ಬಾಗಿ ಹೊತ್ತು ತಂದು ಕೂಡಿಸಿದ ಸಂಚಯವನ್ನು, ಅದರೊಳಗೆ ಏನಿದೆಯೆಂದು ಒಮ್ಮೆ ಕೈಯಿಟ್ಟು ನೋಡದೆ, ಹಣ ಕೊಟ್ಟು ಊರಾಚೆಗೆ ಸಾಗಿಸಿ, ಮತ್ತೆ ಹಣ ಕೊಟ್ಟು ಅಂಗಡಿಯಿಂದ ಗೊಬ್ಬರದ ಚೀಲ ಹೊತ್ತು ತರುವುದು ಬೇಸಾಯಕ್ಕೆ ಒಪ್ಪುವ ನಡತೆಯಲ್ಲ. ಇದನ್ನು ನಾನು ಯಾವ ಶಾಸ್ತ್ರದಿಂದಲೂ ಕಲಿತದ್ದಲ್ಲ. ನಮ್ಮೂರಿನ ತಿಪ್ಪೆಗಳ ನಡುವೆ ಆಡಿ ಬೆಳೆದುದರಿಂದ ಬಂದದ್ದು.

ನಮ್ಮ ಕಡೆ ಹೆಣ್ಣು ಕೊಡಲು ಬಂದ ಬೀಗರು ಗಂಡಿನ ಮನೆಯ ಹಜಾರಕ್ಕಿಂತ ಮೊದಲು ತಿಪ್ಪೆಯನ್ನು ನೋಡುತ್ತಿದ್ದರೆಂದು ಹಿರಿಯರು ಹೇಳುವುದುಂಟು. ತಿಪ್ಪೆ ದೊಡ್ಡದಿದ್ದರೆ ಕೊಟ್ಟಿಗೆಯಲ್ಲಿ ದನ ಇವೆ, ದನ ಇದ್ದರೆ ಹೊಲದಲ್ಲಿ ಬೆಳೆಯಿದೆ, ಬೆಳೆಯಿದ್ದರೆ ಮಗಳು ಎರಡು ಹೊತ್ತು ಉಣ್ಣುತ್ತಾಳೆ. ಬೆಳ್ಳಿಯ ತಟ್ಟೆಯನ್ನು ಎರವಲು ತಂದು ತೋರಿಸಬಹುದು, ತಿಪ್ಪೆಯನ್ನು ಎರವಲು ತರಲಾಗದು. ದೀಪಾವಳಿಯ ಸಂಜೆ ನಮ್ಮಜ್ಜಿ ತುಳಸಿಕಟ್ಟೆಗೆ ಹಚ್ಚಿದ ಮೇಲೆ ಬಾವಿಗೆ, ಬಾವಿಯ ಮೇಲೆ ಕೊಟ್ಟಿಗೆಗೆ, ಕೊಟ್ಟಿಗೆಯ ಮೇಲೆ ತಿಪ್ಪೆಗೆ ಒಂದೊಂದು ಹಣತೆ ಇಟ್ಟು ಬರುತ್ತಿದ್ದಳು. ತಿಪ್ಪೆಗೇಕೆ ದೀಪವೆಂದು ನಾನು ಕೇಳಿದ್ದಕ್ಕೆ, "ಅದೂ ಮನೆಯೊಳಗಿನದೇ ಕಣಪ್ಪಾ" ಎಂದು ಆಕೆ ಹೇಳಿದ್ದು, ಮುಂದೆ ಎಷ್ಟೋ ಗ್ರಂಥಗಳನ್ನು ಓದಿದ ಮೇಲೂ ನನಗೆ ಸಾಲದೆನಿಸಿಲ್ಲ. ಯುಗಾದಿ ಕಳೆದು ಮುಂಗಾರಿನ ಮೊದಲ ಹನಿ ಬೀಳುವುದರೊಳಗೆ ತಿಪ್ಪೆಯನ್ನು ತೆಗೆದು ಗಾಡಿಗೆ ಹೇರಿ ಹೊಲಕ್ಕೆ ಹೊಡೆಯುತ್ತಿದ್ದರು. ತಾತ ಸಲಿಕೆಯಲ್ಲಿ ಅಗೆದು ಮಂಕರಿ ತುಂಬಿದಂತೆಲ್ಲ ಒಳಗಿನಿಂದ ಆವಿ ಏಳುತ್ತಿತ್ತು, ಮತ್ತು ಆ ಆವಿಯ ವಾಸನೆ, ಸಗಣಿಯದಾಗಲಿ ಕೊಳೆತ ಎಲೆಯದಾಗಲಿ ಅಲ್ಲದೆ, ಮಳೆ ಬಿದ್ದ ಮಣ್ಣಿನದೇ ಆಗಿರುತ್ತಿತ್ತು. ಹೊಲದ ತುಂಬ ಸಮದೂರದಲ್ಲಿ ಸುರಿದ ಕುಪ್ಪೆಗಳು ಮಳೆಗಾಗಿ ಕಾಯುತ್ತಿದ್ದ ಆ ದಿನಗಳಲ್ಲಿ ಊರಿಗೆ ಊರೇ ಒಂದು ಬಗೆಯ ನೆಮ್ಮದಿಯಲ್ಲಿ ಇರುತ್ತಿತ್ತು.

ಆದುದರಿಂದ ವಸಂತದ ಚಳಿ ಬಿಟ್ಟು ನೆಲ ಬೆಚ್ಚಗಾದ ಮೇ ತಿಂಗಳ ಒಂದು ಬೆಳಗ್ಗೆ, ನಾಲ್ಕು ಹಲ್ಲಿನ ಫೋರ್ಕನ್ನು ಬದಿಗಿರಿಸಿ, ಮೊಣಕಾಲೂರಿ, ಮೊದಲನೆಯ ತೊಟ್ಟಿಯನ್ನು ಕೈಯಿಂದಲೇ ಬಿಡಿಸಲಾರಂಭಿಸಿದೆ. ಎಲ್ಲಕ್ಕೂ ಮೇಲೆ ಕತ್ತರಿಸಿದ ಹುಲ್ಲು; ಒಂದರ ಮೇಲೊಂದು ಸುರಿದ ಹಸಿಹುಲ್ಲು ಗಾಳಿಯಾಡದೆ ಅಂಟಿಕೊಂಡು, ಎತ್ತಿದರೆ ಚಾಪೆಯಾಗಿ ಏಳುವಷ್ಟು ದಪ್ಪಗಾಗಿ, ಒಳಮೈಯಲ್ಲಿ ಹಳದಿಗಟ್ಟಿ ಹುಳಿವಾಸನೆ ಹೊಡೆಯುತ್ತಿತ್ತು. ಅದರ ಕೆಳಗೆ ಬ್ರಸಲ್ಸ್ ಮೊಳಕೆಕೋಸಿನ ಇಡಿಯ ದಂಟುಗಳು, ಬೇರು ಸಮೇತ, ಕಿತ್ತ ಹಾಗೆಯೇ ಎಸೆದವು. ಮರದಷ್ಟು ಗಟ್ಟಿಯಾದ ಅವು ಅಡ್ಡಾದಿಡ್ಡಿ ಬಿದ್ದು, ನಡುನಡುವೆ ಪೊಳ್ಳು ಉಂಟುಮಾಡಿ, ಕೊಳೆಯದೆ ಒಣಗಿ ಉಳಿದಿದ್ದವು. ಇನ್ನೂ ಕೆಳಗಿಳಿದಂತೆ ದಂಟುಗಳು ಮೊಳದುದ್ದದ ತುಂಡುಗಳಾದವು, ಆಮೇಲೆ ಗೇಣುದ್ದ, ಆಮೇಲೆ, ತೊಟ್ಟಿಯ ಅರ್ಧಕ್ಕೆ ಬಂದಾಗ, ಯಾವುದೂ ಬೆರಳಿಗಿಂತ ಉದ್ದವಿರಲಿಲ್ಲ. ಸವರುವ ಕತ್ತರಿಯಿಂದ ಒಂದೊಂದನ್ನೂ ಓರೆಯಾಗಿ ಕತ್ತರಿಸಿದ ಗುರುತು, ಕೊಳೆತು ಕಂದಾದ ತುದಿಗಳಲ್ಲಿಯೂ ಸ್ಪಷ್ಟವಾಗಿ ಕಾಣುತ್ತಿತ್ತು. ಹಸುರು ಒಂದು ಪದರ, ಒಣಗಿದ್ದು ಒಂದು ಪದರ, ನಡುವೆ ತೆಳ್ಳಗೆ ಮಣ್ಣು: ಯಾರೋ ಬಲ್ಲವರು, ಬಿಡುವುಳ್ಳವರು, ಶಕ್ತಿಯುಳ್ಳವರು ಕಟ್ಟಿದ ರಾಶಿಯದು.

ಪದರಗಳ ನಡುವೆ ಕರಗದೆ ಉಳಿದವೂ ಇದ್ದವು. ಮೊಟ್ಟೆಯ ಚಿಪ್ಪು, ಪ್ಲಮ್ ಹಣ್ಣಿನ ಓಟೆ, ಸೇಬಿನ ಮೇಲೆ ಅಂಗಡಿಯವರು ಅಂಟಿಸುವ ಪುಟ್ಟ ಚೀಟಿ. ಚಹದ ಚೀಲಗಳಂತೂ, ಒಳಗಿನ ಸೊಪ್ಪೆಲ್ಲ ಮಣ್ಣಾಗಿ ಹೋದ ಮೇಲೂ, ಅಂಚು ಬೆಸೆಯಲೆಂದು ಕಾಗದದಲ್ಲಿ ಬೆರೆಸುವ ಪ್ಲಾಸ್ಟಿಕ್ಕಿನ ತೆಳು ಬಲೆಯಾಗಿ ನೂರಾರು ಸಂಖ್ಯೆಯಲ್ಲಿ ಉಳಿದಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ತಡೆದು ನಿಲ್ಲಿಸಿದವು ಗಿಡಗಳ ಹೆಸರು ಬರೆದು ಪಾತಿಯಲ್ಲಿ ನೆಡುವ ಬಿಳಿಯ ಪಟ್ಟಿಗಳು. ಶಾಯಿಯಲ್ಲಿ ಬರೆದದ್ದು ಬಿಸಿಲಿಗೆ ಮಾಸುತ್ತದೆ, ಸೀಸದಕಡ್ಡಿಯದು ಅಳಿಯುವುದಿಲ್ಲ. ತೋಯ್ದ ಬೆರಳಿನಿಂದ ಒರೆಸಿದರೆ ಸಾಕು, ಸಣ್ಣನೆಯ ದುಂಡಕ್ಷರ ಎದ್ದು ಬರುತ್ತಿತ್ತು: ಟೊಮೇಟೊ, ಮನಿಮೇಕರ್, ಹುರುಳಿಕಾಯಿ, ಸ್ಕಾರ್ಲೆಟ್ ಎಂಪರರ್, ಆಲೂಗೆಡ್ಡೆ, ಡೆಸಿರೆ, ಮತ್ತು ಪ್ರತಿಯೊಂದರ ಹಿಂಬದಿಯಲ್ಲಿ ಬಿತ್ತಿದ ದಿನ, ವರ್ಷ. ತಳದ ಪಟ್ಟಿಗಳಲ್ಲಿ 2012 ಎಂದಿತ್ತು. ನಡುವಿನವುಗಳಲ್ಲಿ 2015, 2016. ಅಲ್ಲಿಂದ ಮೇಲೆ ಪಟ್ಟಿಗಳು ವಿರಳವಾಗುತ್ತ, ಹೆಸರು ಮಾತ್ರ ಇದ್ದು ದಿನವಿಲ್ಲದೆ, ಅಕ್ಷರ ಬಾಗಿ ದೊಡ್ಡದಾಗುತ್ತ ಹೋಗಿ, ಹುಲ್ಲಿನ ಪದರದಲ್ಲಿ ಒಂದೂ ಇರಲಿಲ್ಲ. ಕತ್ತರಿ ಹಿಡಿದ ಕೈ ಸೋಲುತ್ತ ಬಂದದ್ದನ್ನು ದಂಟುಗಳ ಉದ್ದ ಹೇಳಿತ್ತು. ಅದನ್ನೇ ಈಗ ಅಕ್ಷರಗಳೂ ಹೇಳಿದವು. ತೊಟ್ಟಿ ಅಲಕ್ಷ್ಯಕ್ಕೆ ಗುರಿಯಾಗಿತ್ತೆಂದು ಅಲ್ಲಿಯ ತನಕ ಎಲ್ಲರೂ ಹೇಳಿದ್ದರು, ನಾನೂ ಹಾಗೆಂದೇ ಕರೆದಿದ್ದೆ. ಆ ಮಧ್ಯಾಹ್ನದಿಂದ ಆ ಮಾತನ್ನು ನಾನು ಬಳಸಿಲ್ಲ.

ತಳಕ್ಕೆ ಒಂದು ಮೊಳವಿರುವಾಗ ಗೊಬ್ಬರ ಸಿಕ್ಕಿತು. ಕಪ್ಪಗೆ, ಪುಡಿಪುಡಿಯಾಗಿ, ಹಿಡಿದರೆ ಮುದ್ದೆಯಾಗಿ ಬಿಟ್ಟರೆ ಉದುರುವ ಹದದಲ್ಲಿ, ಕೆಂಪು ಪಟ್ಟೆಯ ತೆಳು ಎರೆಹುಳುಗಳಿಂದ ಅಲ್ಲಲ್ಲಿ ಮಿಸುಕುತ್ತ. ತೋಟದ ಮಣ್ಣನ್ನು ಆಳವಾಗಿ ಕೊರೆಯುವ ಎರೆಹುಳು ಬೇರೆ, ತಿಪ್ಪೆಯನ್ನೇ ಮನೆಮಾಡಿಕೊಂಡ ಈ ಪಟ್ಟೆಹುಳು ಬೇರೆ. ಚಾರ್ಲ್ಸ್ ಡಾರ್ವಿನ್ನನು ಜಗತ್ತನ್ನೇ ಅಲುಗಿಸಿದ ಗ್ರಂಥಗಳನ್ನೆಲ್ಲ ಬರೆದು ಮುಗಿಸಿ, ತನ್ನ ಕಡೆಯ ಪುಸ್ತಕವನ್ನು 1881ರಲ್ಲಿ ಎರೆಹುಳುಗಳ ಕುರಿತಾಗಿ ಪ್ರಕಟಿಸಿ, ಮರುವರ್ಷ ತೀರಿಕೊಂಡನು. ಅಂತಹ ವಿದ್ವಾಂಸನು ಆಯುಷ್ಯದ ಅಂಚಿನಲ್ಲಿ ಕಾಲಡಿಯ ಹುಳುವಿನ ಕಡೆಗೆ ತಿರುಗಿದನೆಂಬುದು ನನಗೆ ಯಾವಾಗಲೂ ಪ್ರಿಯವಾದ ಸಂಗತಿ. ನಾನು ಕೈಯಾಡಿಸುತ್ತಿದ್ದಷ್ಟು ಹೊತ್ತೂ, ನಮ್ಮೂರಿನಲ್ಲಿ ನೇಗಿಲ ಹಿಂದೆ ಬೆಳ್ಳಕ್ಕಿ ನಡೆದುಬರುವಂತೆ, ಕೆಂಪೆದೆಯ ರಾಬಿನ್ ಹಕ್ಕಿಯೊಂದು ಒಂದಡಿಯಷ್ಟೇ ದೂರದಲ್ಲಿ ಕುಳಿತು ತನ್ನ ಪಾಲನ್ನು ಹೆಕ್ಕಿಕೊಳ್ಳುತ್ತಿತ್ತು.

ಎರಡನೆಯ ತೊಟ್ಟಿಯ ಕಾರ್ಪೆಟ್ಟನ್ನು ಎತ್ತಿದಾಗ ಬೇರೊಬ್ಬರು ಕಂಡರು. ತಾಮ್ರದ ಬಣ್ಣದ, ನುಣುಪು ಮೈಯ, ಒಂದು ಗೇಣಿಗಿಂತ ತುಸು ಉದ್ದದ ಪ್ರಾಣಿಯೊಂದು ಸುರುಳಿಯಾಗಿ ಬೆಚ್ಚಗೆ ಮಲಗಿತ್ತು. ಹಾವೆಂದು ಮೈ ಜುಮ್ಮೆಂದು ಹಿಂದೆ ಸರಿದವನು, ಅದು ತಲೆಯೆತ್ತಿ ನನ್ನನ್ನು ನೋಡಿ ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆದುದನ್ನು ಕಂಡು ನಿಂತೆ. ಹಾವಿಗೆ ರೆಪ್ಪೆಯಿಲ್ಲ. ಇದು ಇಲ್ಲಿಯ ಜನ ಸ್ಲೋ ವರ್ಮ್ ಎನ್ನುವ, ಕಾಲಿಲ್ಲದ ಹಲ್ಲಿಯ ಜಾತಿ. ವಿಷವಿಲ್ಲ, ಕಚ್ಚುವ ಸ್ವಭಾವವಿಲ್ಲ, ಹಿಡಿದರೆ ಬಾಲವನ್ನು ಕಳಚಿ ಬಿಟ್ಟು ಹೋಗುತ್ತದೆ, ಬೇಸಗೆಯ ಕೊನೆಗೆ ಮರಿಗಳನ್ನೇ ಈಯುತ್ತದೆ. ಕೋಸಿನ ಎಲೆಯನ್ನು ರಾತ್ರಿಯಲ್ಲಿ ಮೇಯುವ ಗೊಂಡೆಹುಳು ಇದರ ಆಹಾರ. ಸ್ಲೋ ವರ್ಮನ್ನು ಕೊಲ್ಲುವುದೂ ಗಾಯಗೊಳಿಸುವುದೂ ಈ ದೇಶದ ಕಾನೂನಿನಂತೆ ಅಪರಾಧ. ನಮ್ಮ ಹಿತ್ತಿಲಿನಲ್ಲಿ ಹಾವುರಾಣಿ ಹರಿದರೆ ಅಜ್ಜಿ ಕೈಯಲ್ಲಿದ್ದ ಪೊರಕೆಯನ್ನು ಕೆಳಗಿಟ್ಟು ದಾರಿ ಬಿಡುತ್ತಿದ್ದಳು. ನಾನೂ ಕಾರ್ಪೆಟ್ಟನ್ನು ಮೆಲ್ಲನೆ ಮೊದಲಿದ್ದಂತೆಯೇ ಹೊದಿಸಿ, ಅದು ತಾನಾಗಿ ಬೇಲಿಯ ಬುಡಕ್ಕೆ ಹೊರಟುಹೋಗುವವರೆಗೆ ಮುಂದಿನ ವಾರಗಳಲ್ಲಿ ಬೇರೆ ಕೆಲಸ ಮಾಡಿಕೊಂಡಿದ್ದೆ. ತಣ್ಣಗಿನ, ಯಾರೂ ಕೆದಕದ, ಅರೆಕೊಳೆತ ರಾಶಿ ನಮಗೆ ಕೊರತೆಯೆಂದು ತೋರಿದರೂ ಅವುಗಳಿಗೆ ಅದೇ ಸಮೃದ್ಧಿ. ಕಪ್ಪು ಪ್ಲಾಸ್ಟಿಕ್ಕಿನ ಮೂರನೆಯ ತೊಟ್ಟಿಯ ಬುಡದಲ್ಲಿ ಇನ್ನೂ ಮೂರು ನಾಲ್ಕು ಕಂಡುದರಿಂದ, ಆ ತೊಟ್ಟಿಯನ್ನು ಅವುಗಳಿಗೇ ಬಿಟ್ಟುಕೊಟ್ಟಿದ್ದೇನೆ. ಅದರ ಮುಚ್ಚಳದ ಮೇಲಿನ ಇಟ್ಟಿಗೆಯೂ ಹಾಗೆಯೇ ಇದೆ.

ಮಳೆ ಬಂದಾಗ ಆಶ್ರಯ ಕೊಡುವ ಪುಟ್ಟ ಮರದ ಶೆಡ್ಡೊಂದು ಆ ತುಂಡಿನಲ್ಲಿ ಉಂಟು. ಅದರ ಹಲಗೆಯ ಮೇಲೆ, ತುಕ್ಕು ಹಿಡಿದ ಕತ್ತರಿಯ ಪಕ್ಕದಲ್ಲಿ, ತೇವಕ್ಕೆ ಹಾಳೆ ಹಾಳೆಗೆ ಅಂಟಿಕೊಂಡ ಹಳೆಯ ಕೈಪಿಡಿಯೊಂದು ಇತ್ತು. ಗೊಬ್ಬರದ ಪ್ರಕರಣವನ್ನು ತೆರೆದರೆ, ಅಂಚಿನಲ್ಲಿ ಅದೇ ದುಂಡಕ್ಷರದ ಟಿಪ್ಪಣಿಗಳ ನಡುವೆ, ಅಚ್ಚಿನಲ್ಲಿ ಇಂದೋರ್ ಎಂಬ ಹೆಸರು. ಹೊರಗೆ ಇಂಗ್ಲೆಂಡಿನ ಜಿಟಿಜಿಟಿ ಮಳೆ, ಒಳಗೆ ಮಧ್ಯ ಭಾರತದ ಊರು: ನಾನು ಆ ಹಾಳೆಯನ್ನು ಬಹಳ ಹೊತ್ತು ಹಿಡಿದು ಕುಳಿತಿದ್ದೆ. ಆಲ್ಬರ್ಟ್ ಹೋವರ್ಡ್ ಎಂಬ ಸಸ್ಯಶಾಸ್ತ್ರಜ್ಞನು 1905ರಲ್ಲಿ ಬಿಹಾರದ ಪೂಸಾಕ್ಕೆ ಸರ್ಕಾರಿ ವಿಜ್ಞಾನಿಯಾಗಿ ಬಂದವನು. ಅಲ್ಲಿಯ ರೈತರಿಗೆ ಕಲಿಸಬೇಕಾದವನು, ರೈತರನ್ನೂ ಬೆಳೆಗೆ ಬೀಳುವ ಕೀಟಗಳನ್ನೂ ತನ್ನ ಗುರುಗಳೆಂದು ಬಗೆದು ಕಲಿತನು. ತಾನೂ ಸಸ್ಯವಿಜ್ಞಾನಿಯಾಗಿದ್ದ ಪತ್ನಿ ಗೇಬ್ರಿಯೆಲ್ ಆ ಎಲ್ಲ ವರ್ಷಗಳ ಸಹಕಾರಿಣಿ. 1924ರಿಂದ 1931ರವರೆಗೆ ಇಂದೋರಿನ ಸಂಸ್ಥೆಯಲ್ಲಿ ಆತನು ಹೊಲದ ಕಸಕಡ್ಡಿ, ಕೊಟ್ಟಿಗೆಯ ಸಗಣಿ, ಗಂಜಲ ನೆನೆದ ಮಣ್ಣು, ಬೂದಿ ಇವುಗಳನ್ನು ಪದರವಾಗಿ ಒಟ್ಟಿ, ಗಾಳಿಯಾಡಲೆಂದು ಆಗಾಗ ತಿರುವಿ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು ನಿಷ್ಕರ್ಷಿಸಿ, ಯಶವಂತ ವಾಡ್ ಎಂಬ ಸಹೋದ್ಯೋಗಿಯೊಡನೆ 1931ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಚೀನದ ರೈತರ ಪುರಾತನ ರೂಢಿಯೂ ಅದಕ್ಕೆ ಆಧಾರ. ಆತನು ಸ್ವದೇಶಕ್ಕೆ ಹಿಂದಿರುಗಿದ ಮೇಲೆ ಆ ಕ್ರಮ ಇಂಗ್ಲೆಂಡಿನ ತೋಟಗಳನ್ನು ಹೊಕ್ಕಿತು. ಬ್ರಿಸ್ಟಲಿನ ಗುಡ್ಡದ ಮೇಲೆ ಅಪರಿಚಿತರೊಬ್ಬರು ಹಸುರು ಒಂದು ಪದರ ಒಣಗಿದ್ದು ಒಂದು ಪದರವೆಂದು ಕಟ್ಟಿದ ರಾಶಿಯಲ್ಲಿ, ಹಾಗಾದರೆ, ಇಂದೋರಿನ ಯಾವನೋ ಹೆಸರಿಲ್ಲದ ರೈತನ ಕೈಯೂ ಇತ್ತು.

ಹಾಗೆಂದು ಎಲ್ಲ ಗೊಬ್ಬರವೂ ತಿರುವಿದರೇ ಆಗುವುದೆಂದಲ್ಲ. ಅದಕ್ಕೆ ಉತ್ತರ ನಮ್ಮ ಬೆಂಗಳೂರಿನಲ್ಲೇ ಇದೆ. ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ ಭಾರತೀಯ ವಿಜ್ಞಾನ ಮಂದಿರದಲ್ಲಿ, ಸಿ. ಎನ್. ಆಚಾರ್ಯ ಎಂಬ ವಿಜ್ಞಾನಿ 1939ರಲ್ಲಿ ರೂಪಿಸಿದ ಕ್ರಮಕ್ಕೆ ಇಂದಿಗೂ ಲೋಕದಲ್ಲೆಲ್ಲ ಬೆಂಗಳೂರು ಪದ್ಧತಿಯೆಂದೇ ಹೆಸರು. ಊರಿನ ಕಸವನ್ನೂ ಮಲವನ್ನೂ ಕಂದಕದಲ್ಲಿ ಪದರಪದರವಾಗಿ ತುಂಬಿ, ಮೇಲೆ ಕೆಸರು ಮೆತ್ತಿ, ಆರು ತಿಂಗಳೋ ಎಂಟು ತಿಂಗಳೋ ಹಾಗೆಯೇ ಬಿಟ್ಟುಬಿಡುವುದು. ತಿರುವುವ ಶ್ರಮವಿಲ್ಲ, ನೀರು ಚಿಮುಕಿಸುವ ಗೋಜಿಲ್ಲ. ಮೊದಲ ಕೆಲವು ದಿನ ಕಾವೇರಿದರೂ ಅನಂತರದ ಕೆಲಸವೆಲ್ಲ ಗಾಳಿಯ ಸೋಂಕಿಲ್ಲದೆ, ನಿಧಾನವಾಗಿ, ಕತ್ತಲಲ್ಲಿ. ಕಾರ್ಪೆಟ್ ಹೊದಿಸಿದ ಎರಡನೆಯ ತೊಟ್ಟಿಯನ್ನು ಕಡೆಗೆ ಬಿಡಿಸಿದಾಗ ನಾನು ಕಂಡದ್ದು ಬಹುಮಟ್ಟಿಗೆ ಇದೇ. ಯಾರೂ ಮುಟ್ಟದ ಆ ವರ್ಷಗಳಲ್ಲಿ ಅದು ತನ್ನ ಕೆಲಸವನ್ನು ತಾನು ಮಾಡಿ ಮುಗಿಸಿತ್ತು. ಮೇಲಿನ ಗೇಣಷ್ಟು ಬೇರಿನ ಜಾಲವನ್ನು ತೆಗೆದರೆ ಕೆಳಗೆ ಎದೆಯುದ್ದದ ಗೊಬ್ಬರ, ಜರಡಿಗೆ ಹಾಕುವ ಅಗತ್ಯವೂ ಇಲ್ಲದಷ್ಟು ನಯ.

ಬೈಂಡ್‌ವೀಡಿನ ಬಿಳಿಬೇರುಗಳನ್ನು ಒಂದೊಂದಾಗಿ ಆರಿಸಿ, ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ, ಅವು ಪೂರಾ ಕೊಳೆತು ಸತ್ತ ಮೇಲೆಯೇ ರಾಶಿಗೆ ಸೇರಿಸಿದೆ. ಕಾರ್ಪೆಟ್ಟಿನ ಪ್ಲಾಸ್ಟಿಕ್ ಎಳೆ ಮಣ್ಣಿಗೆ ಒಳ್ಳೆಯದಲ್ಲ. ಅದನ್ನು ಮಾತ್ರ ಹೊರಗೆ ಸಾಗಿಸಿದೆ. ಮೊದಲನೆಯ ತೊಟ್ಟಿಯ ಹುಳಿಹುಲ್ಲನ್ನು ಬಿಡಿಬಿಡಿಯಾಗಿ ಕೊಡವಿ, ರಟ್ಟಿನ ಪೆಟ್ಟಿಗೆಗಳನ್ನು ಹರಿದು, ಒಣಗಿದ ಜರಿಗಿಡವನ್ನು ತಂದು, ಹಸಿಯ ಮೇಲೆ ಒಣಗಿದ್ದು ಒಣಗಿದ್ದರ ಮೇಲೆ ಹಸಿ ಎಂದು ಮತ್ತೆ ಕಟ್ಟಿದೆ. ಇಂಗಾಲ ಮೂವತ್ತು ಪಾಲಿಗೆ ಸಾರಜನಕ ಒಂದು ಪಾಲಿರಬೇಕೆಂದು ಪುಸ್ತಕಗಳು ಹೇಳುತ್ತವೆ. ಕೈ ಅದನ್ನು ಬೇಗ ಕಲಿಯುತ್ತದೆ. ಮೂರನೆಯ ಬೆಳಗ್ಗೆ ಹೋಗಿ ರಾಶಿಯ ನಡುವಿಗೆ ಮೊಣಕೈವರೆಗೆ ತೋಳು ತೂರಿಸಿದರೆ, ಇಟ್ಟುಕೊಂಡಿರಲಾಗದಷ್ಟು ಬಿಸಿ. ಅರುವತ್ತು ಡಿಗ್ರಿಯ ಹತ್ತಿರ ಹೋಗುವ ಆ ಕಾವಿನಲ್ಲಿ ಕಳೆಯ ಬೀಜ ಸಾಯುತ್ತದೆ, ರೋಗದ ಸೋಂಕು ಅಳಿಯುತ್ತದೆ. ತೋಳನ್ನು ಹೊರಗೆಳೆದಾಗ ಹಿಂದೆಯೇ ಆವಿ ಎದ್ದಿತು, ತಾತನ ಸಲಿಕೆಯಿಂದ ಏಳುತ್ತಿದ್ದ ಅದೇ ವಾಸನೆಯೊಡನೆ. ಹೇಳಿಕೊಳ್ಳಲು ಹತ್ತಿರ ಯಾರೂ ಇಲ್ಲದ್ದರಿಂದ ಊರಿಗೆ ಫೋನು ಮಾಡಿ ಅಮ್ಮನಿಗೆ ಹೇಳಿದೆ. "ಅಷ್ಟು ದೂರ ಓದೋಕೆ ಹೋಗಿ ಕಡೆಗೆ ತಿಪ್ಪೆ ತೆಗೀತಾ ಇದೀಯೇನಪ್ಪಾ" ಎಂದು ಆಕೆ ನಕ್ಕಳು; ಆದರೆ ಮರುಕ್ಷಣವೇ, ಬೂದಿ ಹಾಕಿದೆಯೋ ಇಲ್ಲವೋ ಎಂದು ವಿಚಾರಿಸಿಕೊಂಡಳು.

ಪಕ್ಕದ ತುಂಡನ್ನು ಸಾಗುವಳಿ ಮಾಡುವವರು ಜಮೈಕದಿಂದ ಹರೆಯದಲ್ಲಿ ಬಂದು ಇಲ್ಲಿ ನೆಲೆಸಿದ ವೃದ್ಧೆ. ತಣ್ಣನೆಯ ರಾಶಿಯಲ್ಲಿ ಸಾಯದೆ ಉಳಿದ ಬೀಜಗಳು ಗೊಬ್ಬರ ಹರಡಿದ ಪಾತಿಯಲ್ಲೆಲ್ಲ ಮೊಳೆತಾಗ, ಟೊಮೇಟೊ ಸಸಿಗಳ ನಡುವೆ ಗುಂಪುಗುಂಪಾಗಿ ಎದ್ದ ಒಂದು ಸೊಪ್ಪನ್ನು ಕಂಡು ಅವರೂ ನಾನೂ ಒಟ್ಟಿಗೇ ಬಾಗಿದೆವು. ಅವರಿಗೆ ಅದು ಈರುಳ್ಳಿ ಮತ್ತು ಉಪ್ಪುಮೀನಿನೊಡನೆ ಬೇಯಿಸುವ ಕಲಲೂ. ನನಗೆ ಬಸ್ಸಾರಿನ ದಂಟು. ತಾವು ಬಹಳ ಹಿಂದೆ ಕೊಟ್ಟ ಬೀಜದ ಸಂತತಿಯದೆಂದು ಅವರು ಹೇಳಿ, ಆ ನೆವದಲ್ಲಿ ನನ್ನ ತುಂಡಿನ ಹಿಂದಿನ ಒಡತಿಯ ಕಥೆಯನ್ನೂ ಹೇಳಿದರು. ಆಕೆ ಒಬ್ಬ ನಿವೃತ್ತ ಉಪಾಧ್ಯಾಯಿನಿ. ಗಂಡ ತೀರಿದ ಮೇಲೆ ದಿನವೂ ಬರುತ್ತಿದ್ದವರು, ಮೊಣಕಾಲಿನ ನೋವು ಹೆಚ್ಚಿದಂತೆ ವಾರಕ್ಕೊಮ್ಮೆ, ಆಮೇಲೆ ಮೊಮ್ಮಗ ಬಂದು ಹುಲ್ಲು ಕತ್ತರಿಸಿ ತೊಟ್ಟಿಗೆ ಸುರಿದು ಹೋಗುವಾಗ ಜೊತೆಗೆ ಬಂದು ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು. ಈಗ ಇಳಿಜಾರು ಹತ್ತಲಾರರು. ಊರಿನ ಇನ್ನೊಂದು ಮಗ್ಗುಲಲ್ಲಿ, ಕಿಟಕಿಯ ಮುಂದೆ ನಾಲ್ಕು ಕುಂಡಗಳಿರುವ ಮನೆಯಲ್ಲಿದ್ದಾರೆ. ಅದನ್ನು ಕೇಳಿ, ಎರಡನೆಯ ತೊಟ್ಟಿಯ ಗೊಬ್ಬರವನ್ನು ಎರಡು ಬಕೆಟ್ ತುಂಬಿ, ಸೀಸದಕಡ್ಡಿಯ ಪಟ್ಟಿಗಳನ್ನೆಲ್ಲ ತೊಳೆದು ಒರೆಸಿ ಕಟ್ಟುಮಾಡಿ ಅದರ ಮೇಲ್ಗಡೆ ಇಟ್ಟು, ನೆರೆಯವರ ಕೈಯಲ್ಲಿ ಕಳುಹಿಸಿದೆ.

ವಾರ ಕಳೆದು ಬಕೆಟ್ ಹಿಂದಿರುಗಿದಾಗ ಅದರೊಳಗೆ ಒಂದು ಚೀಟಿಯಿತ್ತು. ವಂದನೆಯ ಮಾತು ಒಂದೇ ಸಾಲು. ಉಳಿದದ್ದೆಲ್ಲ ಕೆಲಸದ ಮಾತು: ಎರಡನೆಯ ತೊಟ್ಟಿಯಲ್ಲಿರುವುದರಲ್ಲಿ ಅರ್ಧ ಕುದುರೆಲಾಯದ ಗೊಬ್ಬರ, ಆದುದರಿಂದ ಕ್ಯಾರೆಟ್ ಬಿತ್ತುವ ಪಾತಿಗೆ ಹಾಕಬೇಡಿ, ಗೆಡ್ಡೆ ಕವಲೊಡೆಯುತ್ತದೆ, ಬೇಲಿಯ ಕಡೆಯ ಮೂಲೆಯಲ್ಲಿ ಮುಳ್ಳಿನೊಳಗೆ ಒಂದು ಬ್ಲ್ಯಾಕ್ ಕರಂಟ್ ಗಿಡ ಇರಬೇಕು, ಸತ್ತಿದೆಯೆಂದು ಕೀಳಬೇಡಿ, ಚಳಿಗಾಲದಲ್ಲಿ ಕಪ್ಪಾದ ಹಳೆಯ ಕೊಂಬೆಗಳನ್ನು ಮೂರರಲ್ಲಿ ಒಂದರಂತೆ ಬುಡಕ್ಕೆ ಸವರಿ, ಫೆಬ್ರುವರಿ ಮುಗಿಯುವುದರೊಳಗೆ ಸುತ್ತಲೂ ದಪ್ಪಗೆ ಗೊಬ್ಬರ ಹಾಕಿ. ನಾನು ಮುಳ್ಳನ್ನು ಬಿಡಿಸಿ ಆ ಗಿಡವನ್ನು ಹುಡುಕಿದೆ. ಇತ್ತು. ಜನವರಿಯಲ್ಲಿ ಆಕೆ ಬರೆದಂತೆಯೇ ಕೊಂಬೆ ಸವರಿ, ಮೂರು ಬಕೆಟ್ ಗೊಬ್ಬರವನ್ನು ಬುಡದ ಸುತ್ತ ಹರಡಿ, ಸವರಿದ ಕೊಂಬೆಗಳನ್ನು ಬೆರಳುದ್ದಕ್ಕೆ ಕತ್ತರಿಸಿ ಮೊದಲನೆಯ ತೊಟ್ಟಿಗೆ ಹಾಕಿದೆ.